ಅವ್ವನಿಗೆ ಕೇಳುವಷ್ಟು ದನಿ

ಬಸ್ಸಿನ ಕಂಡಕ್ಟರನಿಗೆ ದಿನವಿಡೀ ಬೇಕಾಗುವ ಮಾತು ಒಂದೇ: ‘ಎಲ್ಲಿಗೆ?’ ನನ್ನ ಗಂಟಲು ಮೊದಲು ಕೈಕೊಟ್ಟದ್ದು ಆ ಮಾತಿಗೇ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಬೆಳಗಿನ ಬಸ್ಸು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸಿನ ಮುಂದೆ ನಿಂತು ಬಾಯಿ ತೆರೆದೆ. ಒಳಗಿನಿಂದ ಯಾರೋ ಕುತ್ತಿಗೆ ಹಿಡಿದು ಹಿಂಡಿದ ಹಾಗಾಯಿತು. ‘ಎ... ಎ...’ ಎಂದು ತುಂಡುತುಂಡಾಗಿ ಏನೋ ಹೊರಬಂತು. ಆಕೆ ನನ್ನ ಮುಖ ನೋಡಿ, ಪಾಪ ಎಂದುಕೊಂಡಳೋ, ಬೆಳಗಾಗುತ್ತಲೇ ಕುಡಿದಿದ್ದಾನೆ ಎಂದುಕೊಂಡಳೋ, ಆಧಾರ್ ಕಾರ್ಡು ಮುಂದೆ ಹಿಡಿದು ‘ಸಿದ್ದಾಪುರ’ ಎಂದು ಆ ಕಡೆ ತಿರುಗಿದಳು.

ತಮಾಷೆ ಎಂದರೆ, ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ನಿಂತು ‘ಕಾನಸೂರು, ಕಾನಸೂರು, ಇಳಿಯೋರು ಮುಂದೆ ಬನ್ನಿ’ ಎಂದು ಕೂಗಿದಾಗ ದನಿ ಎಂದಿನಂತೆ ಖಣಖಣ ಹೊರಟಿತು. ಸದ್ಯ, ಸರಿಹೋಯಿತು ಎಂದುಕೊಂಡೆ. ಅಲ್ಲಿ ಹತ್ತಿದವರ ಹತ್ತಿರ ಹೋಗಿ ಮತ್ತೆ ‘ಎಲ್ಲಿಗೆ’ ಕೇಳಲು ನೋಡಿದರೆ ಮತ್ತೆ ಅದೇ ಹಿಂಡು. ಹುಬ್ಬು ಹಾರಿಸಿ, ಗಲ್ಲ ಎತ್ತಿ ಕೇಳಿದೆ. ಆವತ್ತಿನಿಂದ ನನ್ನ ಹುಬ್ಬುಗಳಿಗೆ ಬಿಡುವೇ ಇರಲಿಲ್ಲ.

ಇದನ್ನು ಬರೆಯುತ್ತಿರುವವನು ಗುಣವಾದವನಲ್ಲ. ಕಾಯಿಲೆ ಗೆದ್ದು ಬಂದವರ ಕಥೆಗಳನ್ನು ನಾನು ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ಬೇಕಾದಷ್ಟು ಓದಿದ್ದೇನೆ. ಓದಿದ ಪ್ರತಿ ಸಲ ಹೊಟ್ಟೆ ಉರಿದಿದೆ. ಗೆಲ್ಲದವರೂ ಇದ್ದೇವೆ. ನಿಮ್ಮ ದನಿಯೂ ಹೀಗೆ ಇದ್ದಕ್ಕಿದ್ದಂತೆ ಜಗಳ ತೆಗೆದಿದ್ದರೆ, ಮನೆಯವರು ನಿಮ್ಮನ್ನು ನಂಬದೆ ಹೋಗಿದ್ದರೆ, ಒಬ್ಬ ಜೊತೆಗಾರ ಶಿರಸಿಯಲ್ಲಿ ಇದ್ದಾನೆ ಎಂದು ಗೊತ್ತಿರಲಿ. ಇದಕ್ಕಿಂತ ಹೆಚ್ಚಿನ ಸಮಾಧಾನ ನನ್ನ ಹತ್ತಿರ ಇಲ್ಲ.

ಗಂಟಲು ಕೆಟ್ಟಿತು ಎಂದರೆ ನಮ್ಮ ಕಡೆ ಎಲ್ಲರೂ ವೈದ್ಯರೇ. ಡಿಪೋದಲ್ಲಿ ಒಬ್ಬರು ಜೇನು, ಇನ್ನೊಬ್ಬರು ಕಾಳುಮೆಣಸು ಎಂದರು. ‘ಉಷ್ಣ ಆಗಿದೆ ಮಾರಾಯಾ, ಅಪ್ಪೆಹುಳಿ ಕುಡಿ’ ಎಂದ ಡ್ರೈವರ್. ಮಾವಿನ ಮಿಡಿಯ ಆ ಹುಳಿನೀರನ್ನು ಊಟವಾದ ಮೇಲೆ ಲೋಟಗಟ್ಟಲೆ ಕುಡಿದೆ. ಎದೆ ಉರಿ ಬಂತು, ದನಿ ಬರಲಿಲ್ಲ. ಅವ್ವನದು ಬೇರೆಯೇ ಲೆಕ್ಕ. ಸಣ್ಣ ಮಕ್ಕಳಿಗೆ ಮಾತು ಬೇಗ ಬರಲಿ ಎಂದು ಬಜೆಬೇರು ತೇಯ್ದು ನಾಲಿಗೆಗೆ ಸವರುತ್ತಾರಲ್ಲ, ಅದನ್ನೇ ತೇಯ್ದು ತಂದಳು. ತಲೆ ಅರ್ಧ ಬೆಳ್ಳಗಾದ ಮಗನನ್ನು ಬಾಗಿಲ ಬೆಳಕಿಗೆ ಕೂರಿಸಿ ‘ಆ ಅನ್ನು’ ಎಂದಳು. ನಾನು ಆ ಎಂದು ಬಾಯಿ ತೆರೆದೆ. ಬಜೆಯ ಘಾಟು ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು. ಅವ್ವ ಅದನ್ನು ಒಳ್ಳೆಯ ಲಕ್ಷಣ ಎಂದು ತಿಳಿದಳು.

ಆಮೇಲೆ ಹರಕೆ. ಕಣ್ಣು ನೋವಿಗೆ ಬೆಳ್ಳಿಯ ಕಣ್ಣು, ಕಾಲು ನೋವಿಗೆ ಬೆಳ್ಳಿಯ ಕಾಲು ದೇವಿಗೆ ಒಪ್ಪಿಸುವುದು ಎಲ್ಲರಿಗೂ ಗೊತ್ತು. ನಾನೂ ಹೆಂಡತಿ ಸರೋಜಾಳೂ ಅಂಗಡಿಗೆ ಹೋಗಿ ಬೆಳ್ಳಿಯ ಗಂಟಲು ಕೇಳಿದೆವು. ಅಂಗಡಿಯವರು ಡಬ್ಬಿಯನ್ನೆಲ್ಲ ತಡಕಾಡಿ, ‘ಗಂಟಲು ಅಂತ ಮಾಡೂದಿಲ್ಲ, ನಾಲಿಗೆ ಕೊಡ್ತೆ, ಅದೇ ನಡೀತದೆ’ ಎಂದರು. ನಾಲಿಗೆಯನ್ನೇ ಒಪ್ಪಿಸಿ ಬಂದೆವು. ನನ್ನ ನಾಲಿಗೆಗೆ ಆವಾಗಲೂ ಏನೂ ಆಗಿರಲಿಲ್ಲ, ಈಗಲೂ ಏನೂ ಆಗಿಲ್ಲ. ದೇವಿ ಕೇಳಿದಷ್ಟನ್ನು ನಡೆಸಿಕೊಟ್ಟಿದ್ದಾಳೆ.

ಶಿರಸಿಯ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಗಂಟು ಇಲ್ಲ, ಹುಣ್ಣು ಇಲ್ಲ. ಕ್ಯಾನ್ಸರ್ ಅಲ್ಲ ಎಂದಾಗ ಸರೋಜಾ ಕುರ್ಚಿಯಲ್ಲೇ ಕೈ ಮುಗಿದಳು. ‘ಟೆನ್ಷನ್ ಮಾಡಿಕೊಳ್ಳಬೇಡಿ, ದನಿಗೆ ಒಂದಿಷ್ಟು ದಿನ ಪೂರ್ತಿ ವಿಶ್ರಾಂತಿ ಕೊಡಿ, ಪಿಸುಗುಟ್ಟುವುದೂ ಬೇಡ’ ಎಂದರು. ರಜೆ ಹಾಕಿ ಬಾಯಿ ಮುಚ್ಚಿಕೊಂಡು ಕೂತೆ. ನಮ್ಮ ಹುಟ್ಟೂರು ಮನ್ಮನೆಯ ಹಳೆಯ ಕೇರಿಯಲ್ಲಿ ನಾನು ಮೌನವ್ರತ ಹಿಡಿದಿದ್ದೇನೆ ಎಂದು ಸುದ್ದಿಯಾಯಿತು. ಪೇಟೆಯಲ್ಲಿ ಸಿಕ್ಕಿದ ಊರಿನವರೊಬ್ಬರು ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದರು, ಮಗಳ ಮದುವೆ ಯಾವಾಗ ಕೂಡಿಬರುತ್ತದೆ ಎಂದು ಕೇಳಿದರು. ಅಲ್ಲ ಮಾರಾಯ್ರೆ, ನಾನು ಬರೀ ಕಂಡಕ್ಟರು ಎಂದು ಹೇಳಲು ಬಾಯಿ ತೆರೆಯುವ ಹಾಗಿರಲಿಲ್ಲ. ಕೈ ಎತ್ತಿದೆ. ಅವರು ಅದನ್ನೇ ಆಶೀರ್ವಾದ ಎಂದುಕೊಂಡು ಹೋದರು. ಆವತ್ತು ಮನೆಗೆ ಬಂದು ತುಂಬಾ ನಕ್ಕೆ. ನಗು ಸರಾಗವಾಗಿ ಬಂತು. ನಗುವಿಗೆ ನನ್ನ ಗಂಟಲು ಒಂದು ದಿನವೂ ಅಡ್ಡ ಬಂದಿಲ್ಲ.

ರಜೆ ಮುಗಿಯಿತು, ಗಂಟಲಿನ ಹಿಂಡು ಹೋಗಲಿಲ್ಲ. ಪ್ರಯಾಣಿಕರ ದೂರುಗಳು ಬರತೊಡಗಿದವು: ಕಂಡಕ್ಟರ್ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಮುಖ ಸಿಂಡರಿಸುತ್ತಾನೆ. ಸುಳ್ಳೇನಲ್ಲ. ಒಂದು ಮಾತನ್ನು ಹೊರಗೆ ತಳ್ಳಬೇಕೆಂದರೆ ನನ್ನ ಮುಖ ಎಷ್ಟು ಸೊಟ್ಟಗಾಗುತ್ತದೆ ಎಂದು ಕನ್ನಡಿಯಲ್ಲಿ ನಾನೇ ನೋಡಿದ್ದೇನೆ. ಫೋನಂತೂ ಇನ್ನೂ ಕಷ್ಟ. ತಂಗಿ ಲಲಿತಾಳನ್ನು ಯಲ್ಲಾಪುರದ ಆಚೆ ವಜ್ರಳ್ಳಿಗೆ ಕೊಟ್ಟಿದೆ. ಅವಳು ಫೋನ್ ಮಾಡಿದಾಗ ನಾನು ಈ ಕಡೆ ಒದ್ದಾಡುತ್ತಿದ್ದರೆ ಅವಳು ‘ಅಣ್ಣಾ, ನೆಟ್ವರ್ಕ್ ಇಲ್ಲ ಕಾಣ್ತದೆ, ಗುಡ್ಡ ಹತ್ತಿ ಮಾಡ್ತೆ’ ಎಂದು ಇಟ್ಟುಬಿಡುತ್ತಿದ್ದಳು. ಪಾಪ, ನನ್ನ ಗಂಟಲಿಗಾಗಿ ಎಷ್ಟು ಸಲ ಗುಡ್ಡ ಹತ್ತಿದಳೋ.

ಮನೆಯ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಮನೆಯಲ್ಲಿ ಇರುವುದು ಮೂರೇ ಜನ: ನಾನು, ಸರೋಜಾ, ಅವ್ವ. ಅವ್ವನಿಗೆ ಕಿವಿ ಪೂರಾ ಮಂದ. ಶಿಬಿರದಲ್ಲಿ ಸಿಕ್ಕಿದ ಕಿವಿಯ ಯಂತ್ರವನ್ನು ಒಂದು ದಿನ ಹಾಕಿಕೊಂಡು, ‘ಕಿವಿ ಒಳಗೆ ಮಿಕ್ಸರ್ ತಿರಗ್ತದೆ’ ಎಂದು ತೆಗೆದು ಡಬ್ಬಿಗೆ ಹಾಕಿದವಳು ಮತ್ತೆ ಮುಟ್ಟಲಿಲ್ಲ. ಅವಳ ಜೊತೆ ಮಾತಾಡಬೇಕೆಂದರೆ ಕೂಗಬೇಕು. ನನಗೋ, ಕೂಗಿದರೆ ಮಾತ್ರ ದನಿ. ಹೀಗಾಗಿ ಇಡೀ ಲೋಕದಲ್ಲಿ ನಾನು ಸಲೀಸಾಗಿ ಮಾತಾಡಬಹುದಾದ ವ್ಯಕ್ತಿ ಅವ್ವ ಒಬ್ಬಳೇ ಆಗಿ ಉಳಿದಳು. ಡ್ಯೂಟಿ ಮುಗಿಸಿ ಬಂದು ಅವಳ ಪಕ್ಕ ಕೂತು, ಇವತ್ತು ಬಸ್ಸಿನಲ್ಲಿ ಯಾರು ಯಾರಿಗೆ ಬೈದರು, ಕಾನಸೂರಿನ ಬಳಿ ಯಾವ ಮರ ಬಿದ್ದಿತ್ತು ಎಂದೆಲ್ಲ ಕೂಗಿ ಹೇಳುತ್ತಿದ್ದೆ. ಓಣಿಗೆಲ್ಲ ಕೇಳುತ್ತಿತ್ತು. ಎದುರು ಮನೆಯವರು ಬಸ್ಸಿನ ಸುದ್ದಿಗೆಂದೇ ಜಗಲಿಗೆ ಬಂದು ಕೂರುತ್ತಿದ್ದರು. ಆ ಹೊತ್ತಿನಲ್ಲಿ ನಾನು ಕಾಯಿಲೆಯವನು ಎಂಬುದೇ ನನಗೆ ಮರೆತುಹೋಗುತ್ತಿತ್ತು.

ಅಡುಗೆಮನೆಯಲ್ಲಿ ಸರೋಜಾ ಕೇಳುತ್ತಿದ್ದಳು. ‘ಚಾ ಬೇಕೇನ್ರಿ?’ ಎಂದು ಅವಳು ಕೇಳಿದರೆ ನಾನು ತಲೆ ಅಲ್ಲಾಡಿಸುತ್ತಿದ್ದೆ. ಬನವಾಸಿ ಕಡೆಯ ಹೆಂಗಸು, ಮಾತಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ನಾವಿಬ್ಬರೂ ಹರಟೆ ಹೊಡೆಯುತ್ತಾ ಒಲೆಯ ಮೇಲಿನ ಅನ್ನ ಸೀಯಿಸಿದ್ದೇವೆ. ಎಷ್ಟೋ ದಿನ ಏನೂ ಅನ್ನದೆ ಇದ್ದವಳು ಒಂದು ಸಂಜೆ ಸೌಟನ್ನು ನೆಲಕ್ಕೆ ಕುಕ್ಕಿದಳು.

‘ಒಂದು ಮಾತು ಕೇಳ್ತೀನಿ, ಖರೆ ಹೇಳ್ರಿ. ನಿಮ್ಮ ಅವ್ವನ ಜೋಡಿ ಊರಿಗೆಲ್ಲ ಕೇಳೋ ಹಂಗೆ ಮಾತಾಡ್ತೀರಿ. ಬಸ್ಸಿನಾಗೆ ಕೂಗ್ತೀರಿ. ಶನಿವಾರ ಭಜನೆಗೆ ಹೋಗಿ ಹಾಡ್ತೀರಿ. ನನ್ನ ಮುಂದೆ ಬಂದ ಕೂಡಲೇ ಗಂಟ್ಲು ಹಿಡಿತೈತಿ. ನಾ ಏನು ಮಾಡೀನ್ರಿ ನಿಮಗೆ?’

ಏನೂ ಮಾಡಿಲ್ಲ ಎಂದು ಹೇಳಲು ಹೋದೆ. ‘ಏ... ಏ...’ ಎಂದಷ್ಟೇ ಬಂತು. ಅವಳಿಗೆ ಅದು ಗದರಿದ ಹಾಗೆ ಕೇಳಿಸಿತು. ಸೆರಗು ಬಾಯಿಗೆ ಇಟ್ಟುಕೊಂಡು ಹಿತ್ತಿಲಿಗೆ ಹೋದಳು. ಹಿಂದೆ ಹೋಗಿ ‘ಸರೋಜಾ, ನಿನ್ನ ಮೇಲೆ ನನಗೆ ಯಾವ ಕೋಪವೂ ಇಲ್ಲ’ ಎಂದು ಕೂಗಿ ಹೇಳಬಹುದಿತ್ತು. ಹೆಂಡತಿಗೆ ಸಮಾಧಾನದ ಮಾತನ್ನು ಓಣಿಗೆಲ್ಲ ಕೇಳುವ ಹಾಗೆ ಹೇಳುವುದು ಹೇಗೆ? ನನಗೆ ನಾಚಿಕೆಯಾಯಿತು. ಜಗಲಿಯಲ್ಲಿದ್ದ ಅವ್ವ ಇದೊಂದೂ ಕಿವಿಗೆ ಬೀಳದೆ ನಗುತ್ತಾ, ‘ಎಂತ ಅಡುಗೆ ಇವತ್ತು?’ ಎಂದಳು.

ಹುಬ್ಬಳ್ಳಿಗೆ ಹೋಗಲು ಹಟ ಹಿಡಿದದ್ದು ಸರೋಜಾಳೇ. ಕಾಯಿಲೆ ಇದೆಯೋ ಇಲ್ಲವೋ ಒಮ್ಮೆ ತೀರ್ಮಾನವಾಗಲಿ ಎಂಬುದು ಅವಳ ಮನಸ್ಸಿನಲ್ಲಿತ್ತು. ಅವಳು ಹೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು. ಅಲ್ಲಿಯ ಕಾಯುವ ಕೋಣೆಯಲ್ಲಿ ಎಲ್ಲ ನಮೂನೆಯ ಗಂಟಲಿನವರು. ಕುತ್ತಿಗೆಗೆ ತೂತು ಮಾಡಿ ಕೊಳವೆ ಇಟ್ಟುಕೊಂಡ ಹಾವೇರಿಯ ಅಜ್ಜ ಒಬ್ಬರು, ದನಿ ಬಿದ್ದುಹೋದ ಶಾಲಾ ಮೇಡಂ ಒಬ್ಬರು. ಯಾರೂ ಮಾತಾಡುತ್ತಿರಲಿಲ್ಲ. ಅಂಥ ನಿಶ್ಶಬ್ದದಲ್ಲಿ ನನಗೆ ಮೊದಲ ಬಾರಿ ಹಾಯೆನಿಸಿತು. ಅಲ್ಲಿ ಯಾರಿಗೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ಅಜ್ಜ ತಮ್ಮ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟರು. ತಾವು ತಿನ್ನುವ ಹಾಗಿರಲಿಲ್ಲವೋ ಏನೋ.

ಡಾಕ್ಟರು ನಡುವಯಸ್ಸಿನ ಹೆಂಗಸು. ಮಾತಾಡಿಸಿದರು, ನಾನು ತಡವರಿಸಿದೆ. ಓದಿಸಿದರು, ಅದೂ ಅಷ್ಟೆ. ಆಮೇಲೆ ‘ಹಾಡಿ’ ಎಂದರು. ಭಜನೆಯ ಒಂದು ಸಾಲು ಹಾಡಿದೆ, ಸರಾಗ. ‘ಈಗ ಬಸ್ಸಿನಲ್ಲಿ ಹೇಗೆ ಕೂಗ್ತೀರೋ ಹಾಗೆ ಕೂಗಿ’ ಎಂದರು. ‘ಯಲ್ಲಾಪುರ, ಯಲ್ಲಾಪುರ, ಯಾರ್ರೀ ಯಲ್ಲಾಪುರ?’ ಎಂದು ಕೂಗಿದೆ. ಹೊರಗೆ ಬೆಂಚಿನ ಮೇಲಿದ್ದ ಒಬ್ಬಾತ ಚೀಲ ಎತ್ತಿಕೊಂಡು ಬಾಗಿಲಿಗೆ ಬಂದು ಇಣುಕಿದ. ಡಾಕ್ಟರು ನಗಲಿಲ್ಲ. ಸರೋಜಾಳ ಕಡೆ ತಿರುಗಿದರು.

‘ಇವರು ನಿಮ್ಮ ಹತ್ರ ಮಾತಾಡೋದೇ ಇಲ್ಲ ಅಲ್ವಾ ಅಮ್ಮ?’

ಸರೋಜಾ ತಲೆ ತಗ್ಗಿಸಿದಳು.

‘ಅದೇ ಈ ಕಾಯಿಲೆ. ಹಾಡು, ನಗು, ಕೂಗು ಬರ್ತದೆ. ಸುಮ್ಮನೆ ಕೂತು ಆಡೋ ಮಾತು ಬರೋದಿಲ್ಲ. ಗಂಟಲಿನದಲ್ಲ, ಮಿದುಳಿನಿಂದ ದನಿಪೆಟ್ಟಿಗೆಗೆ ತಪ್ಪು ಅಪ್ಪಣೆ ಹೋಗ್ತಿದೆ. ಅವರು ಬೇಕಂತ ಮಾಡ್ತಾ ಇಲ್ಲ.’

‘ಬೇಕಂತ ಮಾಡ್ತಾ ಇರಲಿಲ್ಲೇನ್ರಿ ಹಂಗಾರೆ?’ ಎಂದು ಸರೋಜಾ ಕೇಳಿದಳು. ಇಲ್ಲ ಎಂದು ಡಾಕ್ಟರು ಇನ್ನೊಮ್ಮೆ ಹೇಳಿದರು. ಅವಳು ಅಲ್ಲೇ ಅಳತೊಡಗಿದಳು. ಇದು ಗುಣವಾಗುವ ಕಾಯಿಲೆಯಲ್ಲ, ಬಂದರೆ ಬಂತು, ಜೊತೆಗೇ ಇರುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದ್ದನ್ನು ಅವಳು ಸರಿಯಾಗಿ ಕೇಳಿಸಿಕೊಂಡಳೋ ಇಲ್ಲವೋ. ನನಗೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಕಾಲಡಿಯ ನೆಲ ಕುಸಿಯಿತು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಕೈಯಲ್ಲಿದ್ದ ಬಾಳೆಹಣ್ಣಿನ ಸಿಪ್ಪೆಯನ್ನು ಎಲ್ಲಿ ಎಸೆಯುವುದು ಎಂದು ಬುಟ್ಟಿ ಹುಡುಕುತ್ತಿದ್ದೆ.

ಮಾತಿನ ತರಬೇತಿ ಕೊಡುವ ಹುಡುಗಿಯೊಬ್ಬಳು ಅಲ್ಲಿದ್ದಳು. ಬಾಟಲಿಯ ನೀರಿಗೆ ಸ್ಟ್ರಾ ಇಳಿಸಿ ಊ ಎಂದು ಊದುತ್ತಾ ಗುಳ್ಳೆ ಎಬ್ಬಿಸುವುದು, ಬಾಯಿ ಮುಚ್ಚಿ ಮ್ ಎಂದು ಗುಂಯ್‌ಗುಡುವುದು, ಆ ಗುಂಯ್ ನಿಲ್ಲುವ ಮೊದಲೇ ಅದರ ಬೆನ್ನಿಗೆ ಒಂದು ಮಾತನ್ನು ಜೋಡಿಸುವುದು. ಮನೆಯಲ್ಲಿ ದಿನವೂ ಮಾಡಿದೆ. ಅವ್ವ ನನ್ನ ಬಾಟಲಿ ನೋಡಿ ಬಿದ್ದು ಬಿದ್ದು ನಕ್ಕಳು. ‘ಸಣ್ಣಕಿದ್ದಾಗ ಹಳ್ಳದ ನೀರಲ್ಲಿ ಇದೇ ಕೆಲಸ ಮಾಡ್ತಿದ್ದೆ ನೀನು’ ಎಂದಳು. ಮ್ ಎನ್ನುವುದರ ಹಿಂದೆ ‘ಮನೆ’ ಬರುತ್ತಿತ್ತು, ‘ಮಳೆ’ ಬರುತ್ತಿತ್ತು. ‘ಎಲ್ಲಿಗೆ’ ಬರಲಿಲ್ಲ.

ಉಳಿದದ್ದು ಇಂಜೆಕ್ಷನ್. ಕುತ್ತಿಗೆಯ ಮುಂಭಾಗದಿಂದ ದನಿಪೆಟ್ಟಿಗೆಗೇ ಸೂಜಿ ಹಾಕಿ, ಬಿಗಿಯುವ ಸ್ನಾಯುವನ್ನು ಮಂಪರಾಗಿಸುವುದು. ಒಂದೆರಡು ತಿಂಗಳು ಮಾತು ಹಗುರಾಗಬಹುದು, ಆಮೇಲೆ ಅದರ ಬಲ ಇಳಿಯುತ್ತದೆ, ಮತ್ತೆ ಹಾಕಿಸಬೇಕು. ‘ಮೊದಲ ಕೆಲವು ವಾರ ದನಿ ಬರೀ ಗಾಳಿ ಆಗಿಬಿಡ್ತದೆ. ನೀರು ಕುಡಿದರೆ ಕೆಮ್ಮು ಬರಬಹುದು. ಕೂಗೋದಂತೂ ಆಗೋದಿಲ್ಲ’ ಎಂದರು ಡಾಕ್ಟರು. ಬಸ್ಸಿಗೆ ರಜೆ ಹಾಕಿದರಾಯಿತು ಎಂದುಕೊಂಡೆವು. ನಮ್ಮಿಬ್ಬರ ತಲೆಯಲ್ಲೂ ಬಂದದ್ದು ಬಸ್ಸು ಮಾತ್ರ. ಸರೋಜಾಳ ಜೊತೆ ಒಂದು ಸಲ ಮೊದಲಿನ ಹಾಗೆ ಕೂತು ಮಾತಾಡಬೇಕು, ಅಷ್ಟೇ ನನಗೆ ಬೇಕಾಗಿತ್ತು. ಒಪ್ಪಿದೆ.

ಸೂಜಿಯ ನೋವಿನ ಬಗ್ಗೆ ಹೇಳುವಂಥದ್ದೇನಿಲ್ಲ, ಹೆದರಿದಷ್ಟು ಇರಲಿಲ್ಲ. ಎರಡು ಮೂರು ದಿನಕ್ಕೆ ಹಿಂಡು ಬಿಟ್ಟಿತು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಸರೋಜಾ’ ಎಂದೆ. ಗಾಳಿಯಂಥ ದನಿ, ಆದರೆ ಇಡಿಯಾಗಿ, ಎಲ್ಲೂ ತುಂಡಾಗದೆ ಬಂತು. ಅವಳು ತಿರುಗಿ ನೋಡಿದ ಮುಖ ನನ್ನ ಕಣ್ಣ ಮುಂದಿದೆ. ಮುಂದಿನ ಕೆಲವು ಸಂಜೆ ನಾವಿಬ್ಬರೂ ಒಲೆಯ ಹತ್ತಿರ ಕೂತು, ತಲೆಗೆ ತಲೆ ಹಚ್ಚಿ ಮಾತಾಡಿದ್ದೇ ಮಾತಾಡಿದ್ದು. ಎಷ್ಟು ತಿಂಗಳ ಬಾಕಿ ಮಾತು! ಎದುರು ಮನೆಯ ಬೆಕ್ಕಿನಿಂದ ಹಿಡಿದು, ಅವಳಿಗೆ ನನ್ನ ಮೇಲೆ ಹುಟ್ಟಿದ್ದ ಅನುಮಾನಗಳವರೆಗೆ. ‘ನಾನು ಏನೇನೋ ಅಂದ್ಕೊಂಡಿದ್ದೆ’ ಎಂದು ಅವಳು ನಾಚಿದಳು. ಆ ಕಾಯಿಲೆಯ ಇಡೀ ಕಾಲದಲ್ಲಿ ಸುಖ ಎಂದು ಹೇಳಬಹುದಾದದ್ದು ಆ ಕೆಲವು ಸಂಜೆಗಳು.

ಅವ್ವ ಜಗಲಿಯಿಂದ ನೋಡುತ್ತಿದ್ದಳು.

ಬಸ್ಸಿನ ಸುದ್ದಿ ನಿಂತುಹೋಗಿತ್ತು. ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಲು ನೋಡಿದೆ. ಅವಳ ಕಿವಿಗೆ ಉಸಿರು ತಾಗುತ್ತಿತ್ತು, ಮಾತು ತಲುಪುತ್ತಿರಲಿಲ್ಲ. ‘ಗುದಗುದಿ ಮಾಡ್ಬೇಡ’ ಎಂದು ಕಿವಿ ಉಜ್ಜಿಕೊಂಡಳು. ಸರೋಜಾ ಕೂಗಿ ತಿಳಿಸಿದಳು: ‘ಸೂಜಿ ಹಾಕ್ಯಾರ ಅತ್ತೆ, ಇನ್ನು ಒಂದಿಷ್ಟು ದಿನ ಅವರಿಗೆ ಕೂಗಾಕೆ ಬರಂಗಿಲ್ಲ!’ ಅವ್ವ ಅವಳನ್ನೂ ನನ್ನನ್ನೂ ನೋಡಿದಳು. ಮಾತು ಸರಿಹೋಗಲೆಂದು ಸೂಜಿ ಹಾಕಿಸಿಕೊಂಡವನಿಗೆ ಮಾತು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಅದೂ, ಅವನು ಒಲೆಯ ಹತ್ತಿರ ಹೆಂಡತಿಯ ಕಿವಿಯಲ್ಲಿ ಗಂಟೆಗಟ್ಟಲೆ ತುಟಿ ಆಡಿಸುವುದನ್ನು ಕಣ್ಣಾರೆ ನೋಡಿದ ಮೇಲೆ.

‘ಎಂತ ಪಿಸಿಪಿಸಿ ಅದು ದಿನಾ?’ ಎಂದು ಒಂದು ಸಂಜೆ ಕೇಳಿದಳು. ‘ನಂಗೆಲ್ಲ ಗೊತ್ತಾಗ್ತದೆ. ನನ್ನ ವಜ್ರಳ್ಳಿಗೆ ಕಳಸೂಕೆ ನೋಡ್ತಿದ್ರಿ ನೀವಿಬ್ರೂ.’

ಅವ್ವನಿಗೆ ಲಲಿತಾಳೆಂದರೆ ಪ್ರಾಣ. ಆದರೆ ಅಳಿಯನ ಮನೆಯಲ್ಲಿ ಹೋಗಿ ಇರುವುದೆಂದರೆ ಸಾವು. ಅಲ್ಲಿ ಉಂಡ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದಳು. ಹಿಂದೊಮ್ಮೆ ಲಲಿತಾಳೇ ಕರೆದಾಗ, ಹೋಗುವೆಯಾ ಎಂದು ನಾನು ಕೇಳಿದ್ದಕ್ಕೆ ಎರಡು ದಿನ ಊಟ ಬಿಟ್ಟಿದ್ದಳು. ಈಗ ಆ ಭಯ ಎದ್ದು ಕೂತಿತು. ಇಲ್ಲ, ಇಲ್ಲ ಎಂದು ತಲೆ ಕೈ ಎಲ್ಲ ಆಡಿಸಿದೆ. ಅವಳು ನನ್ನನ್ನೇ ದಿಟ್ಟಿಸಿ, ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಅದೇ ವಾರ ಅವಳಿಗೆ ಉಬ್ಬಸ ಬಂತು. ಎದೆಯಲ್ಲಿ ನೀರು ತುಂಬಿದೆ ಎಂದು ಶಿರಸಿಯ ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ವಜ್ರಳ್ಳಿಯಿಂದ ಲಲಿತಾ ಓಡಿ ಬಂದಳು. ಬಂದದ್ದೇ ತಪ್ಪಾಯಿತು. ಮಂಚದ ಪಕ್ಕ ಮಗಳನ್ನು ನೋಡಿದ ಕೂಡಲೇ, ಕರೆದುಕೊಂಡು ಹೋಗಲು ಬಂದಿದ್ದಾಳೆ ಎಂದು ಅವ್ವನಿಗೆ ಖಾತ್ರಿಯಾಯಿತು. ಮೂಗಿನ ಆಮ್ಲಜನಕದ ಕೊಳವೆಯನ್ನು ಸರಿಸಿ ನನ್ನನ್ನು ಹತ್ತಿರ ಕರೆದಳು.

‘ಮಂಜಾ, ನನ್ನ ವಜ್ರಳ್ಳಿಗೆ ಕಳಸ್ತ್ಯಾ?’

ಇಲ್ಲ ಎಂದೆ. ಗಾಳಿ ಬಂತು. ನನ್ನ ಇಡೀ ಮೈಯ ಬಲ ಹಾಕಿ ಇಲ್ಲ ಎಂದೆ. ಪಕ್ಕದ ಮಂಚದವರಿಗೂ ಕೇಳಿಸಲಿಲ್ಲ, ನನಗೆ ಕೆಮ್ಮು ಬಂತು.

‘ಇಲ್ಲ ಅತ್ತೆ! ಎಲ್ಲಿಗೂ ಕಳಸಂಗಿಲ್ಲ ನಿಮ್ಮನ್ನ!’ ಎಂದು ಸರೋಜಾ ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದಳು. ‘ನಾ ಸುಮ್ಮನೆ ನೋಡೂಕೆ ಬಂದದ್ದು ಅವ್ವಾ!’ ಎಂದು ಲಲಿತಾ ಕೂಗಿದಳು.

‘ನಿಮ್ಮನ್ನ ಕೇಳಿಲ್ಲ’ ಎಂದಳು ಅವ್ವ. ‘ಅವ ಹೇಳ್ಲಿ.’

ತಲೆ ಅಲ್ಲಾಡಿಸಿದೆ. ‘ತಲೆ ಆಡಸ್ಬೇಡ. ಬಾಯಿಬಿಟ್ಟು ಹೇಳು’ ಎಂದಳು. ಅವಳಿಗೆ ಓದು ಬಾರದು, ಬರೆದು ತೋರಿಸುವ ಹಾಗಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅವಳು ಕೈ ಕೊಸರಿಕೊಂಡಳು.

ಸರೋಜಾ ಮನೆಗೆ ಹೋಗಿ ಕಿವಿಯ ಯಂತ್ರ ತಂದಳು. ಅದರೊಳಗಿನ ಗುಂಡಿಯಂಥ ಬ್ಯಾಟರಿ ತುಕ್ಕು ಹಿಡಿದು ಅಂಟಿಕೊಂಡಿತ್ತು. ಅವಳು ಹೊಸ ಬ್ಯಾಟರಿ ಹುಡುಕಿಕೊಂಡು ಪೇಟೆ ಸುತ್ತಿ ಬರುವಷ್ಟರಲ್ಲಿ ಅವ್ವನಿಗೆ ಮಂಪರು ಕವಿದಿತ್ತು. ಆದರೂ ಕಿವಿಗೆ ಇಟ್ಟೆವು. ಅದು ಕುಂಯ್ ಎಂದಿತು, ಅವ್ವ ಅಲುಗಲಿಲ್ಲ. ನರ್ಸು ಬಂದು ನೋಡಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: ‘ಜೋರಾಗಿ ಕರೀರಿ ಅಣ್ಣಾ. ಮಗನ ದನಿ ಕೇಳಿದ್ರೆ ಕೆಲವೊಮ್ಮೆ ಕಣ್ಣು ಬಿಡ್ತಾರೆ.’ ನಾನು ಕರೆದೆ. ನಾನು ಕರೆಯುತ್ತಿದ್ದೇನೆ ಎಂದು ನರ್ಸಿಗೆ ಗೊತ್ತಾಗದೆ, ‘ಕರೀರಿ, ನಾಚಿಕೊಳ್ಳಬೇಡಿ’ ಎಂದು ಮತ್ತೆ ಹೇಳಿದಳು.

ಅವ್ವ ಕಣ್ಣು ಬಿಡಲಿಲ್ಲ. ಮರುದಿನ ಹೋದಳು. ನಾನು ಅವಳನ್ನು ಕಳಿಸಿಬಿಡುತ್ತೇನೆ ಎಂದು ನಂಬಿಕೊಂಡೇ ಹೋದಳು. ಇದನ್ನು ಯಾವ ಡಾಕ್ಟರೂ ಯಾವ ತರಬೇತಿಯೂ ಸರಿಮಾಡಲಾರದು. ‘ಅವರಿಗೆ ಒಳಗಿಂದ ಗೊತ್ತಿತ್ತು ಬಿಡ್ರಿ’ ಎಂದು ಸರೋಜಾ ಆಗಾಗ ಹೇಳುತ್ತಾಳೆ. ಗೊತ್ತಿರಲಿಲ್ಲ. ಗೊತ್ತಿದ್ದರೆ ಕೈ ಕೊಸರಿಕೊಳ್ಳುತ್ತಿರಲಿಲ್ಲ.

ಈಗ ನನ್ನನ್ನು ಬಸ್ಸಿನಿಂದ ಇಳಿಸಿ ಡಿಪೋದ ಒಳಗೆ ಬಿಡಿಭಾಗಗಳ ಕೋಣೆಯಲ್ಲಿ ಹಾಕಿದ್ದಾರೆ. ನಟ್ಟು ಬೋಲ್ಟಿಗೆ ಎಲ್ಲಿಗೆ ಎಂದು ಕೇಳಬೇಕಾಗಿಲ್ಲ. ಇಂಜೆಕ್ಷನ್ನಿನ ಬಲ ಇಳಿದುಹೋಯಿತು, ಹಿಂಡು ತನ್ನ ಜಾಗಕ್ಕೆ ಬಂದು ಕೂತಿತು. ಇನ್ನೊಮ್ಮೆ ಹಾಕಿಸಿಕೊಳ್ಳಿ ಎಂದು ಹುಬ್ಬಳ್ಳಿಯಿಂದ ಫೋನ್ ಬರುತ್ತದೆ. ಸರೋಜಾ ‘ನೋಡ್ತೀವ್ರಿ’ ಎನ್ನುತ್ತಾಳೆ. ಆ ಗಾಳಿಯ ದನಿ ಇನ್ನೊಮ್ಮೆ ನನ್ನ ಬಾಯಿಂದ ಬಂದರೆ ನಾನೇ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ನಾವಿಬ್ಬರೂ ಮತ್ತೆ ಮಾತಿಲ್ಲದೆ ಒಲೆಯ ಹತ್ತಿರ ಕೂರುತ್ತೇವೆ. ಅವಳು ಈಗ ನನ್ನನ್ನು ನಂಬುತ್ತಾಳೆ. ಅದು ಸಣ್ಣದಲ್ಲ. ಆದರೆ ಸಾಕಾಗುವುದಿಲ್ಲ.

ನಿಮಗೂ ಈ ಕಾಯಿಲೆ ಇದ್ದರೆ, ಇಂಜೆಕ್ಷನ್ ಬೇಡ ಎಂದು ನಾನು ಹೇಳುತ್ತಿಲ್ಲ. ಹಾಕಿಸಿಕೊಳ್ಳಿ. ಹಾಕಿಸಿಕೊಳ್ಳುವ ಮೊದಲು ಮನೆಯಲ್ಲಿ ಒಮ್ಮೆ ಸುತ್ತ ನೋಡಿ, ನಿಮ್ಮ ಕೂಗು ಯಾರಿಗೆ ಬೇಕಾಗಿದೆ ಎಂದು.

ಅವ್ವನ ಉತ್ತರಕ್ರಿಯೆಯ ದಿನದ ಒಂದು ಸಂಗತಿ ಉಳಿದಿದೆ. ಸೂಜಿಯ ಬಲ ಆಗಿನ್ನೂ ಪೂರ್ತಿ ಇಳಿದಿರಲಿಲ್ಲ. ಅವ್ವನಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ ಹಿತ್ತಿಲಿನಲ್ಲಿ ಕಾಗೆಗೆ ಇಟ್ಟೆವು. ಒಂದು ಕಾಗೆ ಬಂದು ಕಾಂಪೌಂಡಿನ ಮೇಲೆ ಕೂತಿತು. ಎಲೆಯನ್ನು ನೋಡಿತು, ಇಳಿಯಲಿಲ್ಲ. ಸತ್ತವರ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ಅದನ್ನು ನಡೆಸಿಕೊಡುತ್ತೇವೆ ಎಂದು ಬಾಯಿಬಿಟ್ಟು ಮಾತು ಕೊಟ್ಟರೆ ಮುಟ್ಟುತ್ತದೆ ಎನ್ನುವುದು ನಮ್ಮವರ ನಂಬಿಕೆ. ಎಲೆಯ ತುದಿಗೆ ಎಲೆಅಡಿಕೆಯ ಕವಳ ಇಟ್ಟರು, ಚಾ ಇಟ್ಟರು. ಲಲಿತಾ ‘ನಾ ಚೆನ್ನಾಗಿರ್ತೆ ಅವ್ವಾ, ನನ್ನ ಚಿಂತೆ ಬೇಡ’ ಎಂದಳು. ಕಾಗೆ ಕೂತೇ ಇತ್ತು. ಮನ್ಮನೆಯಿಂದ ಬಂದಿದ್ದ ಚಿಕ್ಕಪ್ಪ ನನ್ನ ಕಡೆ ತಿರುಗಿದರು.

‘ಮಗ ಹೇಳ್ಬೇಕು. ಅವಳಿಗೆ ಎಂತ ಬೇಕಾಗಿತ್ತು ಅಂತ ನಿಂಗೆ ಗೊತ್ತಿದ್ರೆ ಹೇಳು ಮಂಜಾ.’

ಸರೋಜಾ ನನ್ನನ್ನು ನೋಡಿದಳು. ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಾಯಿ ತೆರೆದೆ, ಗಾಳಿ ಬಂತು. ಇನ್ನೊಮ್ಮೆ ತೆರೆದೆ, ಗಂಟಲ ತಳದಲ್ಲಿ ಏನೋ ಗಟ್ಟಿಯಾದದ್ದು ಹತ್ತಿತು. ಮೂರನೆಯ ಸಲ, ಹೊಟ್ಟೆಯಿಂದ ಎಳೆದು ಕೂಗಿದೆ.

‘ಕಳಸೂದಿಲ್ಲ ಅವ್ವಾ! ನಿನ್ನ ಎಲ್ಲಿಗೂ ಕಳಸೂದಿಲ್ಲ!’

ದನಿ ಪೂರ್ತಿ ಬಂತು. ಓಣಿಯ ಆಚೆಯವರೂ ಹೊರಗೆ ಬಂದರು. ‘ಅಣ್ಣಂಗೆ ದನಿ ಬಂತು, ಅವ್ವನೇ ಕೊಟ್ಟಳು’ ಎಂದು ಲಲಿತಾ ಅಳತೊಡಗಿದಳು. ಕಾಗೆ ನನ್ನ ಕೂಗಿಗೆ ಬೆಚ್ಚಿ ಹಾರಿತು. ಬಿಸಿಲು ನೆತ್ತಿಗೆ ಬರುವವರೆಗೆ ಕಾದೆವು, ಅದು ತಿರುಗಿ ಬರಲಿಲ್ಲ. ಚಿಕ್ಕಪ್ಪ ಎಲೆ ಎತ್ತಿಸಿ ದನಕ್ಕೆ ಹಾಕಿಸಿದರು.